ಗಾರೆ ಹಾಕದ ಕಲ್ಲು

ಬಾಗಿಲು ಇಪ್ಪತ್ತೊಂದು ಇಂಚು, ವೀಲ್‌ಚೇರು ಇಪ್ಪತ್ತೈದು. ಜ್ಯೋತಿಲಕ್ಷ್ಮಿ ಬ್ಲೌಸ್ ಅಳೆಯುವ ತನ್ನ ಟೇಪನ್ನೇ ಮೂರು ಸಲ ಹಿಡಿದು ನೋಡಿದಳು. ಮೂರು ಸಲವೂ ಅಷ್ಟೇ ಬಂತು. ಕಲ್ಲಿನ ಬಾಗಿಲು ಬ್ಲೌಸಲ್ಲವಲ್ಲ, ಪಕ್ಕದ ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಮಾಡೋಣ ಎನ್ನುವುದಕ್ಕೆ.

"ಏನಂತೆ?" ಒಳಗಿನ ಮಂಚದಿಂದ ಅತ್ತೆ ಅಕ್ಕಯ್ಯಮ್ಮ ಕೂಗಿದರು.

"ಹಿಡಿಯಲ್ಲ ಅತ್ತೆ."

"ನಾನಾ, ಕುರ್ಚೀನಾ?"

"ಕುರ್ಚಿ."

"ಹಂಗಾದ್ರೆ ಅದನ್ನ ವಾಪಸ್ ಕೊಟ್ಬಿಡು. ಅರವತ್ತು ವರ್ಷದಿಂದ ನಂಗೆ ಹಿಡಿದಿರೋ ಬಾಗಿಲು ಅದು. ನಿನ್ನೆ ಮೊನ್ನೆ ಬಂದ ಕುರ್ಚಿಗೆ ಹಿಡಿಯಲ್ಲ ಅಂದ್ರೆ ತಪ್ಪು ಕುರ್ಚೀದೇ."

ಅಂಗಡಿಯವನ ಹತ್ತಿರ ಹತ್ತೊಂಬತ್ತು ಇಂಚಿನದೂ ಒಂದಿತ್ತು. ಅದು ಮಕ್ಕಳದ್ದು. ಅಕ್ಕಯ್ಯಮ್ಮ ಅದರಲ್ಲಿ ಕೂತರೆ ಏಳುವಾಗ ಕುರ್ಚಿಯೂ ಜೊತೆಯಲ್ಲೇ ಎದ್ದು ಬರುವಂತಿತ್ತು. ಎಪ್ಪತ್ತಾರರ ವಯಸ್ಸಿಗೂ ಆಕೆಯದು ತೂಕದ ದೇಹ, ಮಾತು ಅದಕ್ಕಿಂತ ತೂಕ.

ಹಳೇ ಕೆಂಗೇರಿಯಲ್ಲಿ ಕಲ್ಲುಮನೆ ಎಂದರೆ ಯಾವ ಆಟೋದವನೂ ಎರಡನೆಯ ಸಲ ವಿಳಾಸ ಕೇಳುವುದಿಲ್ಲ. ಗೋಡೆಯೆಂದರೆ ಸಾಲಾಗಿ ನಿಲ್ಲಿಸಿದ ಕಲ್ಲುಚಪ್ಪಡಿ, ಸೂರೆಂದರೆ ಅಡ್ಡ ಮಲಗಿಸಿದ ಕಲ್ಲುಚಪ್ಪಡಿ. ಕಂಬ, ತೊಲೆ, ಜಗಲಿ, ಕೊನೆಗೆ ಉಪ್ಪಿನ ಗೂಡೂ ಕಲ್ಲೇ. ಜ್ಯೋತಿಲಕ್ಷ್ಮಿಯ ಗಂಡ ಸಿದ್ದೇಶನ ಮುತ್ತಜ್ಜ ದೊಡ್ಡಣ್ಣ ಮೇಸ್ತ್ರಿ ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ, ಬೆಣೆ ಹೊಡೆದು, ಒಂದೊಂದೇ ಚಪ್ಪಡಿ ಎಬ್ಬಿಸಿ ತಂದು ಕಟ್ಟಿದ ಮನೆ. ಕಟ್ಟಿ ನೂರು ವರ್ಷ ದಾಟಿತ್ತು. ಕಲ್ಲಿಗೆ ಬರವಿಲ್ಲದ ಆ ಮನುಷ್ಯ ಬಾಗಿಲಿನ ವಿಷಯದಲ್ಲಿ ಮಾತ್ರ ಅದೇಕೋ ಜಿಪುಣನಾಗಿದ್ದ. ಇಡೀ ಮನೆಗೆ ಇದ್ದದ್ದು ಒಂದೇ ಬಾಗಿಲು. ತಲೆ ಬಗ್ಗಿಸಬೇಕು, ಮೊಣಕಾಲೆತ್ತರದ ಹೊಸಿಲು ದಾಟಬೇಕು, ಆಮೇಲೆ ಮೂರು ಕಡಿದಾದ ಮೆಟ್ಟಿಲು. ಮದುವೆಯಾಗಿ ಬಂದ ದಿನ ಜ್ಯೋತಿಲಕ್ಷ್ಮಿ ಮೇಲಿನ ಕಲ್ಲಿಗೆ ಹಣೆ ಬಡಿಸಿಕೊಂಡಾಗ ನೆಂಟರೆಲ್ಲ, "ಸೊಸೆ ಮನೆಗೆ ನಮಸ್ಕಾರ ಮಾಡ್ಕೊಂಡೇ ಬಂದ್ಳು" ಎಂದು ನಕ್ಕಿದ್ದರು. ಇಪ್ಪತ್ತೊಂದು ವರ್ಷವಾದರೂ ಆ ನಗು ಅವಳಿಗೆ ಮರೆತಿರಲಿಲ್ಲ.

ಬಾಗಿಲನ್ನು ಅಗಲ ಮಾಡುವ ಹಾಗೂ ಇರಲಿಲ್ಲ. ಜಗಲಿಯ ಪಕ್ಕದಲ್ಲಿ ಪುರಾತತ್ವ ಇಲಾಖೆಯ ನೀಲಿ ಬೋರ್ಡು ನಿಂತಿತ್ತು: ಇದು ಸಂರಕ್ಷಿತ ಪಾರಂಪರಿಕ ಕಟ್ಟಡ, ಕೆಡಿಸುವುದಾಗಲಿ ಮಾರ್ಪಡಿಸುವುದಾಗಲಿ ಶಿಕ್ಷಾರ್ಹ. ಬೋರ್ಡು ಬಂದು ಎರಡು ವರ್ಷ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಸಿದ್ದೇಶ್ ಮನೆ ಕೆಡವಿ ಮೂರು ಮಹಡಿ ಎಬ್ಬಿಸಬೇಕೆಂದು ನಕ್ಷೆಯನ್ನೂ ಬರೆಸಿದ್ದ. ಮನೆ ತಾಯಿಯ ಹೆಸರಿನಲ್ಲಿತ್ತು. ಇಲಾಖೆಯವರು ಹುಡುಕಿಕೊಂಡು ಬಂದಾಗ ಅಕ್ಕಯ್ಯಮ್ಮ ಮಗನನ್ನು ಕೇಳದೆ, ಒಂದೊಂದೇ ಅಕ್ಷರ ಕೂಡಿಸಿ ಸೈನ್ ಹಾಕಿಬಿಟ್ಟರು. ಅಂದಿನಿಂದ ತಾಯಿ ಮಗನ ಮಾತು ಜ್ಯೋತಿಲಕ್ಷ್ಮಿಯ ಮೂಲಕವೇ ನಡೆಯುತ್ತಿತ್ತು. ಶುಕ್ರವಾರ ಶುಕ್ರವಾರ ಅಕ್ಕಯ್ಯಮ್ಮ ಸೆರಗಿನಿಂದ ಬೋರ್ಡು ಒರೆಸುತ್ತಿದ್ದರೆ ಸಿದ್ದೇಶ್ ಮುಖ ತಿರುಗಿಸಿಕೊಂಡು ಡ್ಯೂಟಿಗೆ ಹೋಗುತ್ತಿದ್ದ.

ಈಗ ಅದೇ ಅಕ್ಕಯ್ಯಮ್ಮ ಅಂಗಳದ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಪ್ಲೇಟು ಕೂತಿತ್ತು. ಮೊದಲ ಸಲ ಫಿಸಿಯೋಗೆ ಒಯ್ಯುವಾಗ ಸಿದ್ದೇಶನೂ ಎದುರಿನ ಬಾಡಿಗೆ ಕೋಣೆಯ ಗಾರೆ ಕೆಲಸದ ಕೊಟ್ರಪ್ಪನೂ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ಕುರ್ಚಿಯ ಕಾಲು ಹೊಸಿಲಿಗೆ ಸಿಕ್ಕಿ ವಾಲಿತು. ಅಕ್ಕಯ್ಯಮ್ಮ ಬೀಳಲಿಲ್ಲ, ಆದರೆ ಹೊಲಿಗೆ ಹಾಕಿದ ಸೊಂಟ ಬಾಗಿಲ ಕಲ್ಲಿಗೆ ಬಡಿದು ಅವರು ಚೀರಿದ ಚೀರಿಗೆ ಬೀದಿಯೆಲ್ಲ ಹೊರಗೆ ಬಂತು. ಎಕ್ಸ್‌ರೇ ನೋಡಿದ ಡಾಕ್ಟರು ಸಿದ್ದೇಶನಿಗೇ ಬೈದರು.

"ಇನ್ನೊಂದ್ಸಲ ಹೀಗೆ ಎತ್ತಿದ್ರೆ ಪ್ಲೇಟ್ ಜರುಗುತ್ತೆ. ವೀಲ್‌ಚೇರಲ್ಲೇ ಕರ್ಕೊಂಡು ಬನ್ನಿ. ಯುಗಾದಿ ಒಳಗೆ ಆಸರೆಗೆ ಬಾರ್ ಹಿಡಿಸಿ ನಡೆಸೋಕೆ ಶುರು ಮಾಡ್ಬೇಕು. ಇಲ್ಲಾಂದ್ರೆ ಹಾಸಿಗೇನೇ, ಅಷ್ಟೇ."

ಆರು ಜನ ಬೆಡ್‌ಶೀಟಿನಲ್ಲಿ ಹಿಡಿದು ಒಳಗೆ ತಂದು ಮಲಗಿಸಿದ ಮೇಲೆ ಅಕ್ಕಯ್ಯಮ್ಮ ತಮ್ಮ ತೀರ್ಪು ಹೇಳಿದರು. "ಇನ್ನು ನನ್ನನ್ನ ಯಾರೂ ಎತ್ತಕೂಡದು. ಎತ್ತೋದು ಅಂತ ಒಂದ್ಸಲ ಇದ್ದೇ ಇರುತ್ತೆ. ಅದಕ್ಕಿನ್ನೂ ಟೈಮಿದೆ."

ಯುಗಾದಿಗೆ ಆಗ ಐದು ವಾರವಿತ್ತು.

* * *

ಮನೆಗೇ ಬಂದ ಫಿಸಿಯೋ ಹುಡುಗಿ ನಾಲ್ಕು ದಿನ ಕಾಲು ನೀವಿ, "ಇಲ್ಲಿ ಏನೂ ಆಗಲ್ಲ ಆಂಟಿ. ಬಾರ್ ಹಿಡ್ಕೊಂಡು ನಿಲ್ಬೇಕು ಅವರು. ಉಪನಗರದ ಸೆಂಟರಿಗೇ ಬನ್ನಿ" ಎಂದು ಕೈತೊಳೆದುಕೊಂಡಳು. ರಾಜರಾಜೇಶ್ವರಿನಗರದ ಫ್ಲ್ಯಾಟಿನಲ್ಲಿದ್ದ ನಾದಿನಿ ಕಲಾವತಿ ದಿನವೂ ಫೋನು ಮಾಡಿ, "ನಮ್ಮಲ್ಲಿ ಲಿಫ್ಟಿದೆ, ಅಮ್ಮನ್ನ ಇಲ್ಲೇ ಬಿಡಿ" ಎನ್ನುತ್ತಿದ್ದಳು. ಅಳಿಯನ ಮನೆ ಅನ್ನ ಒಂದು ಹೊತ್ತಿಗೆ ರುಚಿ, ಎರಡನೇ ಹೊತ್ತಿಗೆ ಕಲ್ಲು ಎಂದು ಅಕ್ಕಯ್ಯಮ್ಮ ಫೋನೇ ತೆಗೆದುಕೊಳ್ಳಲಿಲ್ಲ.

ಮಿಕ್ಕಿದ್ದೆಲ್ಲ ಜ್ಯೋತಿಲಕ್ಷ್ಮಿಯ ಪಾಲಿಗೆ ಬಂತು. ಬೆಳಿಗ್ಗೆ ಐದಕ್ಕೆ ಬೆಡ್‌ಪ್ಯಾನು, ಆರಕ್ಕೆ ಗಂಡನ ಡಬ್ಬಿ, ಏಳಕ್ಕೆ ವಿಜಯನಗರದ ಕಾಲೇಜಿಗೆ ಮೆಟ್ರೋ ಹಿಡಿಯುವ ಮಗಳು ಸಿಂಚನಳ ತಿಂಡಿ, ಎಂಟಕ್ಕೆ ಅತ್ತೆಯ ಮೈ ಒರೆಸುವುದು. ಒರೆಸಲು ಆ ಭಾರದ ಮೈಯನ್ನು ಒಬ್ಬಳೇ ಮಗ್ಗುಲು ತಿರುಗಿಸಬೇಕು. ಎರಡನೆಯ ವಾರಕ್ಕೆ ಅವಳದೇ ನಡು ಹಿಡಿದುಕೊಂಡಿತು. ಹಬ್ಬಕ್ಕೆಂದು ಬಂದ ಇಪ್ಪತ್ತಾರು ಬ್ಲೌಸ್ ಪೀಸುಗಳು ಮೆಷಿನ್ ಪಕ್ಕದಲ್ಲಿ ಕತ್ತರಿಯನ್ನೂ ಕಾಣದೆ ಬಿದ್ದಿದ್ದವು.

ಆ ಮೆಷಿನ್ನೂ ಕತ್ತಲ ಮೂಲೆಯಲ್ಲಿತ್ತು. ಬೆಳಕು ಬೀಳುವ ಜಾಗದಲ್ಲಿ, ಓಣಿ ಕಡೆಯ ಗೋಡೆಗೆ ಒತ್ತಿಕೊಂಡು, ಅತ್ತೆಯ ದೊಡ್ಡ ಕಬ್ಬಿಣದ ಟ್ರಂಕು ಕೂತಿತ್ತು. ಅದರ ಮೇಲೆ ಹಾಸಿಗೆ ಸುರುಳಿ, ಮೇಲಕ್ಕೆ ದೇವರ ಕ್ಯಾಲೆಂಡರು. "ಅದನ್ನ ಸರಿಸಿ ಮೆಷಿನ್ ಇಟ್ಕೋತೀನಿ ಅತ್ತೆ" ಎಂದು ಮದುವೆಯಾದ ವರ್ಷವೇ ಕೇಳಿದ್ದಳು. "ಟ್ರಂಕು ಅಲ್ಲೇ ಇರುತ್ತೆ" ಎಂದಿದ್ದರು. ಅತ್ತೆಗಿರುವುದು ಇನ್ನೇನು, ಒಂದು ಟ್ರಂಕಿನ ಹಟ ತಾನೇ ಎಂದು ಅವಳು ಸುಮ್ಮನಾಗಿದ್ದಳು.

ಒಂದು ರಾತ್ರಿ ಮುದ್ದೆ, ಹುರುಳಿ ಸಾರು ಬಡಿಸುವಾಗ ಸಿದ್ದೇಶ್ ಎರಡು ವರ್ಷದಲ್ಲಿ ಮೊದಲ ಸಲ ತಾಯಿಯ ಜೊತೆ ನೇರ ಮಾತಾಡಿದ.

"ಸೈನ್ ಹಾಕ್ದಾಗ ಖುಷಿಯಾಗಿತ್ತಲ್ಲ? ಈಗ ನೋಡು. ಇಲಾಖೆಯೋರು ನಿನ್ನನ್ನೂ ಸೇರ್ಸಿ ಪ್ರೊಟೆಕ್ಟ್ ಮಾಡಿದಾರೆ."

"ಉಣ್ಣೋ ಹೊತ್ತಲ್ಲಿ ಬೇಡ ರೀ," ಎಂದಳು ಜ್ಯೋತಿಲಕ್ಷ್ಮಿ.

"ಇನ್ಯಾವ ಹೊತ್ತಲ್ಲಿ? ಮನೆ ಕೆಡವಿದ್ರೆ ಮೂರೂವರೆ ಅಡಿ ಬಾಗಿಲು ಇಟ್ಟಿರ್ತಿದ್ದೆ. ಮೆಟ್ಲೇ ಇಲ್ದಂಗೆ ಮಾಡಿರ್ತಿದ್ದೆ."

"ಮೂರು ಮಹಡಿ ಬಾಡಿಗೆಗೆ ಕೊಟ್ಟು ನನ್ನನ್ನ ಮೆಟ್ಲು ಕೆಳಗೆ ಹಾಕಿರ್ತಿದ್ದೆ," ಎಂದರು ಅಕ್ಕಯ್ಯಮ್ಮ ಮಲಗಿದಲ್ಲಿಂದಲೇ. "ಸಾರಿಗೆ ಉಪ್ಪು ಕಮ್ಮಿಯಾಗಿದೆ ಜ್ಯೋತಿ."

ಸಿದ್ದೇಶ್ ಅರ್ಧ ಮುದ್ದೆ ಬಿಟ್ಟು ಎದ್ದ. ಸಿಂಚನ ಅಪ್ಪನ ತಟ್ಟೆ, ಅಮ್ಮನ ಮುಖ ಎರಡನ್ನೂ ನೋಡಿ, "ಹೆರಿಟೇಜ್ ಮನೇಲಿ ಹೆರಿಟೇಜ್ ಜಗಳ" ಎಂದಳು.

ಜ್ಯೋತಿಲಕ್ಷ್ಮಿ ಇಲಾಖೆಗೆ ಹೋಗಿ ಅರ್ಜಿ ಕೊಟ್ಟು ಬಂದಳು. ಹತ್ತನೆಯ ದಿನ ಎಂಜಿನಿಯರ್ ಚಕ್ರಪಾಣಿ ಬಂದರು. ಒಳ್ಳೆಯ ಮನುಷ್ಯ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದಾದರೂ ಸಮಾಧಾನ ಪಡಬಹುದಿತ್ತು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಅಕ್ಕಯ್ಯಮ್ಮನನ್ನು ವಿಚಾರಿಸಿ, ಬಾಗಿಲನ್ನು ಅಳೆದು ಬೆವರು ಒರೆಸಿಕೊಂಡರು.

"ಮರದ ರ‍್ಯಾಂಪ್ ಇಟ್ಕೊಳ್ಳಿ ಮೇಡಂ, ಅದಕ್ಕೆ ನಂದೇನೂ ಇಲ್ಲ. ಆದ್ರೆ ಈ ಪಕ್ಕದ ಕಲ್ಲನ್ನ ಒಂದಿಂಚು ಕೆತ್ತಿದ್ರೂ ಕೇಸಾಗುತ್ತೆ."

"ಅಗಲಕ್ಕೇನು ಮಾಡೋದು ಸಾರ್?"

"ಕಮಿಟಿಗೆ ಬರೀತೀನಿ."

"ಕಮಿಟಿ ಯಾವಾಗ?"

"ಜೂನ್‌ನಲ್ಲಿ."

"ಕಲ್ಲನ್ನ ಕಾಪಾಡ್ತೀರ," ಎಂದ ಸಿದ್ದೇಶ್. "ಒಳಗಿರೋರನ್ನ ಕಾಪಾಡೋಕೆ ಯಾವ ಇಲಾಖೆ ಸಾರ್?"

ಚಕ್ರಪಾಣಿ ಟೇಪು ಸುತ್ತಿ ಜೇಬಿಗಿಟ್ಟರು. ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿಯದೆ ಹೊರಟುಹೋದರು.

* * *

ಯುಗಾದಿಗೆ ಎರಡು ವಾರವಿದ್ದಾಗ, ಭಾನುವಾರ ಬೆಳಿಗ್ಗೆ, ಸಿದ್ದೇಶ್ ಕಲ್ಲು ಕೊಯ್ಯುವ ಮೆಷಿನ್ ತಂದ. ಜೊತೆಗೆ ಕೊಟ್ರಪ್ಪನನ್ನೂ ಕರೆತಂದ.

"ಆ ಕಡೆ ಎರಡಿಂಚು, ಈ ಕಡೆ ಎರಡಿಂಚು. ಕೇಸ್ ಹಾಕ್ಲಿ, ಹೋಗಿ ನಿಂತ್ಕೋತೀನಿ."

"ಮುಟ್ಟು ನೋಡೋಣ!" ಅಕ್ಕಯ್ಯಮ್ಮ ಮಂಚದ ಮೇಲೆ ಮೊಣಕೈ ಊರಿ ಏಳಲು ನೋಡಿದರು. "ನಿನ್ನ ಮುತ್ತಜ್ಜನ ಕೈ ಕಲ್ಲು ಅದು!"

"ಮುತ್ತಜ್ಜನ ಕಲ್ಲಿಗೋಸ್ಕರ ನೀನು ಹಾಸಿಗೇಲಿ ಕೊಳೀಬೇಕಾ?"

"ರೀ, ಬೇಡ ಕಣ್ರೀ," ಎಂದು ಜ್ಯೋತಿಲಕ್ಷ್ಮಿ ವೈರನ್ನು ಹಿಡಿದುಕೊಂಡಳು. ಆದರೆ ಒಳಗೊಳಗೇ, ಕೊಯ್ದುಬಿಡಲಿ, ಒಂದು ಸಲ ಮುಗಿದುಹೋಗಲಿ ಎಂದೂ ಅನ್ನಿಸಿತು. ಅದಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ. ಅಷ್ಟು ದಣಿದಿದ್ದಳು.

ತಡೆದವನು ಕೊಟ್ರಪ್ಪ. ಕೊಪ್ಪಳದ ಕಡೆಯವನು, ಕಲ್ಲಿನ ನಡುವೆಯೇ ಬೆಳೆದವನು. ಬಾಗಿಲ ಮೇಲಿನ ಅಡ್ಡಗಲ್ಲನ್ನು ಅಂಗೈಯಿಂದ ತಟ್ಟಿ ನೋಡಿ ಮೆಷಿನ್ ಕೆಳಗಿಟ್ಟ.

"ಅಣ್ಣಾರ, ಇದು ನನ್ನ ಕಡಿಂದ ಆಗೂದಿಲ್ರಿ. ಮ್ಯಾಲಿನ ಭಾರ ಎಲ್ಲಾ ಈ ಎರಡ ಕಲ್ಲಿನ ಮ್ಯಾಲ ಕುಂತೈತಿ. ಇದನ್ನ ಕೊಯ್ದ್ರ ಸೂರ ನಿಮ್ಮ ತಲಿ ಮ್ಯಾಲ ಬರ್ತೈತ್ರಿ. ತಡೀರಿ, ಮನಿ ಸುತ್ತ ಒಮ್ಮೆ ನೋಡಿ ಬರ್ತೀನಿ."

ಅವನು ಓಣಿಗೆ ಹೋದ. ಅಲ್ಲಿ ನೆಲ ಏರಿದ್ದರಿಂದ ಓಣಿಯೂ ಮನೆಯ ಒಳನೆಲವೂ ಹೆಚ್ಚುಕಡಿಮೆ ಒಂದೇ ಮಟ್ಟ. ಸುತ್ತಿಗೆಯ ಹಿಡಿಯಿಂದ ಒಂದೊಂದೇ ಚಪ್ಪಡಿ ತಟ್ಟುತ್ತಾ ಬಂದವನು ಒಂದು ಕಡೆ ನಿಂತು, ಮತ್ತೆ ತಟ್ಟಿ, ಕೂಗಿದ.

"ಅಕ್ಕಾರ, ಬರ್ರಿ ಇಲ್ಲೆ. ಇದರ ದನೀನ ಬ್ಯಾರೆ ಐತಿ."

ಜ್ಯೋತಿಲಕ್ಷ್ಮಿ ಹೋಗಿ ನೋಡಿದಳು. ಎಲ್ಲ ಚಪ್ಪಡಿಗಳ ಸಂದಿಯಲ್ಲೂ ಹಳೆಯ ಸುಣ್ಣದ ಗಾರೆ ಇತ್ತು. ಈ ಒಂದರ ಸುತ್ತ ಮಾತ್ರ ಮಣ್ಣು, ಪಾಚಿ. ಕೊಟ್ರಪ್ಪ ಮೊಳೆಯಿಂದ ಕೆರೆದಾಗ ಎರಡೂ ಬದಿಯಲ್ಲಿ ಬಿಗಿಯಾಗಿ ಹೊಡೆದ ಕಲ್ಲಿನ ಬೆಣೆಗಳು ಕಾಣಿಸಿದವು.

"ಗಾರೀನ ಹಾಕಿಲ್ರಿ ಇದಕ್ಕ. ಬರೇ ಬೆಣಿ ಬಡ್ದು ನಿಲ್ಸ್ಯಾರ. ಭಾರ ಎಲ್ಲಾ ಆಜೂಬಾಜೂ ಕಂಬದ ಮ್ಯಾಲ ಐತಿ. ತೆಗೀಬೇಕಂತನ ಇಟ್ಟ ಕಲ್ಲ ಇದು."

ಅವಳು ಟೇಪು ಹಿಡಿದಳು. ಮೂವತ್ತಾರು ಇಂಚು ಬಂತು. ಓಡಿ ಒಳಗೆ ಬಂದು ಲೆಕ್ಕ ಹಾಕಿ ನೋಡಿದರೆ ಆ ಕಲ್ಲಿಗೆ ಸರಿಯಾಗಿ ಕೂತಿದ್ದದ್ದು ಟ್ರಂಕು.

"ಅತ್ತೆ, ಇದನ್ನ ಸ್ವಲ್ಪ ಸರಿಸ್ತೀನಿ."

"ಮುಟ್ಬೇಡ!"

ಬಾಗಿಲ ಕಲ್ಲಿಗೆ ಮೆಷಿನ್ ತಂದಾಗಲೂ ಆ ದನಿ ಅಷ್ಟು ಹರಿತವಾಗಿರಲಿಲ್ಲ. ಜ್ಯೋತಿಲಕ್ಷ್ಮಿ ಕೈ ಹಿಂದೆಗೆದಳು. ಹಿಂದೆಯೇ ಬಂದ ಸಿದ್ದೇಶ್ ತಾಯಿಯ ಮುಖ ನೋಡಿದ.

"ನಿಂಗೆ ಗೊತ್ತಿತ್ತಾ ಅಮ್ಮ?"

ಅಕ್ಕಯ್ಯಮ್ಮ ಸೂರು ನೋಡಿದರು.

"ಕೇಳಿದ್ದು ಕೇಳಿಸ್ತಾ? ಇದು ತೆಗಿಯೋ ಕಲ್ಲು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಮೂರು ವಾರ! ಮೂರು ವಾರದಿಂದ ನಾನು ಹುಚ್ಚನ ಥರ ಅಲೀತಿದೀನಿ. ಇವಳು ಇಲಾಖೆ ಬಾಗ್ಲು ಕಾದ್ಲು. ಬಾಗಿಲು ಇಲ್ಲೇ ಇಟ್ಕೊಂಡು ಮಲಗಿದ್ಯಲ್ಲ ನೀನು!"

"ಅದು ಬಾಗಿಲಲ್ಲ ಕಣೋ. ಪಂಚಕದ ಕಲ್ಲು."

ಆಮೇಲೆ ಅವರು ತುಂಡು ತುಂಡಾಗಿ ಹೇಳಿದರು. ಪಂಚಕದ ಕೆಟ್ಟ ನಕ್ಷತ್ರದಲ್ಲಿ ಪ್ರಾಣ ಹೋದರೆ ಹೆಣವನ್ನು ದಿನ ಓಡಾಡುವ ಬಾಗಿಲಲ್ಲಿ ಸಾಗಿಸಬಾರದು. ಎರಡು ಬಾಗಿಲ ಮನೆಯಾದರೆ ಹಿತ್ತಿಲ ಬಾಗಿಲಿದೆ. ಒಂದೇ ಬಾಗಿಲ ಮನೆಯವರು ಏನು ಮಾಡಬೇಕು? ಅದಕ್ಕೇ ದೊಡ್ಡಣ್ಣ ಮೇಸ್ತ್ರಿ ಒಂದು ಚಪ್ಪಡಿಗೆ ಗಾರೆ ಹಾಕದೆ ಬಿಟ್ಟಿದ್ದ. ಹೆಣ ಹೋದ ಮೇಲೆ ಕಲ್ಲು ಮುಚ್ಚಿ, ಬೆಣೆ ಹೊಡೆದು, ಆರು ತಿಂಗಳು ಮನೆಗೆ ಬೀಗ.

"ಜೀವ ಇರೋಳು ಹೆಣದ ದಾರೀಲಿ ಹೋಗಲ್ಲ," ಎಂದು ಮುಗಿಸಿದರು.

"ನಾನು ತೆಗೆಸ್ತೀನಿ."

"ತೆಗೆಸು. ತೆಗೆದ ಹೊತ್ತಿಂದ ನಾನು ಒಂದು ತೊಟ್ಟು ನೀರು ಮುಟ್ಟಲ್ಲ."

ಜ್ಯೋತಿಲಕ್ಷ್ಮಿಗೆ ಅಲ್ಲಿಯವರೆಗೆ ಕಟ್ಟಿಟ್ಟಿದ್ದೆಲ್ಲ ಒಮ್ಮೆಲೇ ಉಕ್ಕಿತು. "ನನ್ನ ನಡು ನೋಡಿ ಅತ್ತೆ. ಬಗ್ಗಿದ್ರೆ ಏಳಕ್ಕಾಗಲ್ಲ. ನಿಮ್ಮ ನಕ್ಷತ್ರದ ಭಯಕ್ಕೆ ನಾನು ಎಷ್ಟು ವರ್ಷ ಬೆಡ್‌ಪ್ಯಾನ್ ಹಿಡೀಬೇಕು ಹೇಳಿ? ಹತ್ತಾ? ಹದಿನೈದಾ?"

ಅಕ್ಕಯ್ಯಮ್ಮ ಗೋಡೆ ಕಡೆ ಹೊರಳಲು ನೋಡಿದರು. ಹೊರಳಿಸಲೂ ಸೊಸೆಯೇ ಬೇಕಿತ್ತು. ಜ್ಯೋತಿಲಕ್ಷ್ಮಿ ಹೋಗಿ, ಅಳುತ್ತಲೇ, ಹೊರಳಿಸಿದಳು.

* * *

ಎರಡು ದಿನ ಮನೆಯಲ್ಲಿ ಮಾತಿಲ್ಲ. ಉಪ್ಪಿಟ್ಟು ಇಟ್ಟರೆ ಉಪ್ಪಿಟ್ಟು, ಚಿತ್ರಾನ್ನ ಇಟ್ಟರೆ ಚಿತ್ರಾನ್ನ, ಉಪ್ಪು ಕಮ್ಮಿಯಾದರೂ ಅಕ್ಕಯ್ಯಮ್ಮ ಹೇಳಲಿಲ್ಲ. ಅದೇ ಜ್ಯೋತಿಲಕ್ಷ್ಮಿಗೆ ಹೆಚ್ಚು ಹೆದರಿಕೆ ತಂದಿತು. ಮೂರನೆಯ ದಿನ ಮಧ್ಯಾಹ್ನ ಅತ್ತೆಯ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಾ ಕೂತಳು. ಮನೆ ಜಗಳಕ್ಕೆ ತಲೆ ಬಾಚುವುದಕ್ಕಿಂತ ಒಳ್ಳೆಯ ಮದ್ದಿಲ್ಲ. ಇಬ್ಬರೂ ಮುಖ ನೋಡಬೇಕಾಗಿಲ್ಲವಲ್ಲ.

"ಆ ಕಲ್ಲಲ್ಲಿ ಯಾರ್ಯಾರು ಹೋಗಿದಾರೆ ಅತ್ತೆ?"

"ನಮ್ಮತ್ತೆ. ನಾನು ಈ ಮನೆಗೆ ಬರೋ ಮುಂಚೆ."

"ಇನ್ಯಾರು?"

"ಒಂದು ಮಗು."

"ಯಾರ ಮಗು?"

"ನಂದು."

ಬಾಚಣಿಗೆ ನಿಂತಿತು. ಇಪ್ಪತ್ತೊಂದು ವರ್ಷದಲ್ಲಿ ಈ ಮನೆಯಲ್ಲಿ ಯಾರೂ ಆ ಮಾತನ್ನು ಆಡಿರಲಿಲ್ಲ. ಸಿದ್ದೇಶನಿಗೂ ಗೊತ್ತಿರಲಿಲ್ಲ.

"ಬಾಚು, ನಿಲ್ಲಿಸ್ಬೇಡ. ನಿನ್ನ ಗಂಡ ಹುಟ್ಟೋಕೆ ಮುಂಚೆ. ಮೊದಲ್ನೇದು, ಹೆಣ್ಣು. ನಾಲ್ಕು ವರ್ಷ ತುಂಬಿತ್ತು. ಮೂರು ದಿನ ಜ್ವರ. ನಾಲ್ಕನೇ ದಿನ ಬಸ್ಸು ಬರೋ ಮುಂಚೆ ಹೋಗ್ಬಿಡ್ತು. ಪಂಚಕ ಅಂದ್ರು. ಅಷ್ಟು ಸಣ್ಣ ಮಗೀಗೆ ಬಾಗಿಲು ಬೇಕಿತ್ತೇನೇ? ಟವೆಲ್‌ನಲ್ಲಿ ಸುತ್ತಿದ್ರೆ ಕಿಟಕೀಲೇ ಹೋಗ್ತಿತ್ತು. ಆದ್ರೂ ಕಲ್ಲು ತೆಗೆದ್ರು. ತೆಗೆದಾಗ ಬಿಸಿಲು ಬಂತು ಒಳಗೆ. ಈ ಮನೇಲಿ ಅಷ್ಟು ಬಿಸಿಲು ನಾನು ಅವತ್ತೇ ನೋಡಿದ್ದು. ಆಮೇಲೆ ಮುಚ್ಚಿದ್ರು. ಆರು ತಿಂಗಳು ಕಲ್ಲು ಒಡಿಯೋ ಜಾಗದಲ್ಲಿ ಗುಡ್ಲು ಹಾಕ್ಕೊಂಡಿದ್ವಿ. ವಾಪಸ್ ಬಂದ ದಿನ ನಾನೇ ಟ್ರಂಕು ತಂದು ಇಟ್ಟೆ."

"ಹೆಸರೇನಿತ್ತು ಅತ್ತೆ?"

"ಹೆಸರು ಹೇಳಲ್ಲ."

ಜ್ಯೋತಿಲಕ್ಷ್ಮಿ ಜಡೆ ಹೆಣೆದು ಮುಗಿಸಿದಳು. ಮೊನ್ನೆ ತಾನಾಡಿದ ಮಾತು ನೆನಪಾಗಿ, ಅತ್ತೆಯ ಬಿಡಿ ಕೂದಲನ್ನು ಕಿವಿಯ ಹಿಂದೆ ಒತ್ತಿದಳು.

"ಹೋಗೋದು ಕಷ್ಟ ಅಲ್ಲ ಕಣೇ," ಎಂದರು ಅಕ್ಕಯ್ಯಮ್ಮ. "ಅಲ್ಲಿಂದ ಹೋದೋರು ಒಬ್ರೂ ವಾಪಸ್ ಬಂದಿಲ್ಲ."

"ಹಾಗಾದ್ರೆ ಮೊದಲು ನಾನು ಹೋಗಿ ಬರ್ತೀನಿ."

"ಹುಚ್ಚಿ. ಮುತ್ತೈದೆ ನೀನು."

"ಬರ್ತೀನಾ ಇಲ್ವಾ ನೀವೇ ಮಲ್ಕೊಂಡು ನೋಡಿ."

ಅಕ್ಕಯ್ಯಮ್ಮ ಹೂಂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

* * *

ಚಕ್ರಪಾಣಿ ಈ ಸಲ ಫೋನು ಮಾಡಿದ ಮರುದಿನವೇ ಕ್ಯಾಮೆರಾ ಸಮೇತ ಬಂದರು. ಬೆಣೆಗಳನ್ನು ಕಂಡು ಮದುವೆ ಮನೆಯ ಹುಡುಗನ ಹಾಗೆ ಓಡಾಡಿದರು. "ಇದು ನಮ್ಮ ಡ್ರಾಯಿಂಗಲ್ಲೇ ಇಲ್ಲ ಮೇಡಂ! ಇದು ಮೂಲದಲ್ಲೇ ಇರೋ ಓಪನಿಂಗು. ತೆಗೆದ್ರೆ ಮಾರ್ಪಾಡು ಅಂತಾನೇ ಆಗಲ್ಲ. ಕಲ್ಲು ಒಡೀಬಾರ್ದು, ಅಲ್ಲೇ ಒರಗಿಸಿಡ್ಬೇಕು. ಮರದ ಬಾಗಿಲು ಇಟ್ಕೊಳ್ಳಿ, ಕಲ್ಲಿಗೆ ಮೊಳೆ ಹೊಡೀಬೇಡಿ. ಬರ್ಕೊಡ್ತೀನಿ." ಬರೆದೂ ಕೊಟ್ಟರು. ಮಜ್ಜಿಗೆ ಎರಡು ಲೋಟ ಕುಡಿದರು.

ಯುಗಾದಿಗೆ ಒಂದು ವಾರವಿದ್ದಾಗ, ಬೆಳಿಗ್ಗೆ ಎಂಟಕ್ಕೆ, ಕೊಟ್ರಪ್ಪನೂ ಅವನ ಕಡೆಯ ಐದು ಜನರೂ ಹಾರೆ, ಹಗ್ಗ, ಮರದ ತುಂಡು ತಂದರು. ಸಿದ್ದೇಶ್ ರಜೆ ಹಾಕಿದ್ದ. ಟ್ರಂಕನ್ನು ಜ್ಯೋತಿಲಕ್ಷ್ಮಿಯೇ ಎಳೆದು ಸರಿಸಿದಳು. ಅಕ್ಕಯ್ಯಮ್ಮ ಕಾಫಿ ಮುಟ್ಟದೆ, ಮುಖದ ಮೇಲೆ ಸೆರಗು ಎಳೆದುಕೊಂಡು ಮಲಗಿದ್ದರು. ಬೆಣೆಗಳು ಒಂದೊಂದಾಗಿ ಬಿದ್ದವು. "ಹಗೂರಕ... ಹಗೂರಕ..." ಎನ್ನುತ್ತಾ ಆರು ಜನ ಆ ಚಪ್ಪಡಿಯನ್ನು ವಾಲಿಸಿ, ಮರದ ತುಂಡಿನ ಮೇಲೆ ಉರುಳಿಸಿ, ಹೊರಗಿನ ಗೋಡೆಗೆ ಒರಗಿಸಿದರು. ನಡುಮನೆಗೆ ಬಿಸಿಲು ಬಂತು. ಸೆರಗಿನ ಕೆಳಗೆ ಅಕ್ಕಯ್ಯಮ್ಮನ ಬೆರಳುಗಳು ಮಂಚದ ಅಂಚನ್ನು ಬಿಗಿ ಹಿಡಿದದ್ದನ್ನು ಜ್ಯೋತಿಲಕ್ಷ್ಮಿ ಕಂಡಳು.

ಎಲ್ಲರೂ ನಿಂತು ನೋಡುತ್ತಿದ್ದರು. ಅವಳಿಗೂ ಹೆದರಿಕೆಯಾಯಿತು, ಸುಳ್ಳು ಯಾಕೆ. ಓದಿದವಳು, ಟಿವಿ ನೋಡುವವಳು, ಆದರೂ ಆ ಸಂದಿಯ ಮುಂದೆ ನಿಂತಾಗ ತಾಳಿಯನ್ನು ಒಮ್ಮೆ ಮುಟ್ಟಿಕೊಂಡಳು. ಆಮೇಲೆ ದಾಟಿ ಓಣಿಗಿಳಿದಳು. ತಿರುಗಿ ಒಳಗೆ ಬಂದಳು. "ಬಂದೆ ಅತ್ತೆ." ಒಗೆದ ಬಟ್ಟೆ ಒಯ್ದು ಓಣಿಯ ತಂತಿಯಲ್ಲಿ ಹರವಿ ಬಂದಳು. "ಬಂದೆ ಅತ್ತೆ." ಕಸ ಹಾಕಿ ಬಂದಳು. ಕೊಟ್ರಪ್ಪನವರಿಗೆ ಟೀ ಕೊಟ್ಟು ಖಾಲಿ ಲೋಟ ತಂದಳು. ಹೊಲಿಗೆ ಮೆಷಿನ್ನನ್ನು ಎಳೆದು ತಂದು ಬೆಳಕಿಗಿಟ್ಟು ಎರಡು ತೋಳು ಹೊಲಿದಳು. ಹನ್ನೊಂದಾಯಿತು. ನೀರು ಬೇಕಾ ಎಂದರೆ ಸೆರಗು ಅಲ್ಲಾಡಲಿಲ್ಲ.

ಹನ್ನೊಂದೂವರೆಗೆ ಓಣಿಯಲ್ಲಿ ಸೊಪ್ಪಿನ ಗಾಡಿ ಬಂತು. ಜ್ಯೋತಿಲಕ್ಷ್ಮಿ ಕಲ್ಲಿನ ಸಂದಿಯಲ್ಲೇ ಹೊರಗೆ ಹೋಗಿ ದಂಟಿನ ಸೊಪ್ಪು ಕೊಂಡು ತಂದಳು.

ಸೆರಗಿನೊಳಗಿಂದ ದನಿ ಬಂತು. "ಎಷ್ಟಕ್ಕೆ ಕೊಟ್ಟ?"

"ಎರಡು ಕಟ್ಟಿಗೆ ಅರವತ್ತು."

"ಅರವತ್ತಾ!" ಸೆರಗು ಸರಿಯಿತು. "ಕರಿ ಅವನ್ನ. ಏಯ್, ಸೊಪ್ಪಿನೋನೇ! ಇಲ್ಲಿ ಬಾರೋ!"

ಗಾಡಿಯವನು ಸಂದಿಯಲ್ಲಿ ತಲೆ ಹಾಕಿದ. ಅಷ್ಟು ವಾರ ಮುಂಬಾಗಿಲ ಕತ್ತಲಲ್ಲಿ ಬರಿಯ ದನಿಯಾಗಿದ್ದ ಅಕ್ಕಯ್ಯಮ್ಮ ಹಾಡುಹಗಲಿನಲ್ಲಿ, ಕಣ್ಣು ಕಿರಿದು ಮಾಡಿಕೊಂಡು, ಐದು ನಿಮಿಷ ಅವನ ಜೊತೆ ಚೌಕಾಸಿ ಮಾಡಿದರು. ನಲವತ್ತೈದಕ್ಕೆ ಬಂತು, ಮೇಲೊಂದು ಹಿಡಿ ಕೊತ್ತಂಬರಿ.

"ಬಸ್ಸಾರು ಮಾಡು," ಎಂದರು ಸೊಸೆಗೆ. "ಉಪ್ಪು ನೋಡಿ ಹಾಕು." ಮಧ್ಯಾಹ್ನ ಒಂದೂವರೆ ಮುದ್ದೆ ಉಂಡರು. ಸಿದ್ದೇಶ್ ತಾಯಿಯ ಲೋಟಕ್ಕೆ ತಾನೇ ನೀರು ತುಂಬಿಸಿ ಇಟ್ಟ. ಅಕ್ಕಯ್ಯಮ್ಮ ಅದನ್ನು ಪೂರ್ತಿ ಕುಡಿದಿಟ್ಟರು.

* * *

ಮರುದಿನ ಬೆಳಿಗ್ಗೆ ಅಕ್ಕಯ್ಯಮ್ಮ ವೀಲ್‌ಚೇರಿನಲ್ಲಿ ಕೂತು, ಕಣ್ಣು ಗಟ್ಟಿಯಾಗಿ ಮುಚ್ಚಿ, ಜ್ಯೋತಿಲಕ್ಷ್ಮಿಯ ಕೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದುಕೊಂಡು ಆ ಸಂದಿ ದಾಟಿದರು. ಓಣಿಯ ಕೊನೆ ಮುಟ್ಟುವವರೆಗೆ ಕಣ್ಣು ತೆರೆಯಲಿಲ್ಲ. ಸೆಂಟರಿನಲ್ಲಿ ಬಾರ್ ಹಿಡಿದು ಎರಡು ನಿಮಿಷ ನಿಂತರು, ಮೂರು ಹೆಜ್ಜೆ ಹಾಕಿದರು, ಫಿಸಿಯೋ ಹುಡುಗಿಯ ಊರು, ಜಾತಿ, ಸಂಬಳ ವಿಚಾರಿಸಿದರು. ನಡೀತಾರೆ ಆಂಟಿ, ಹೆದರ್ಬೇಡಿ ಎಂದು ಅವಳು ಹೇಳಿದಾಗ ಜ್ಯೋತಿಲಕ್ಷ್ಮಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

ವಾಪಸ್ ಬಂದಾಗ ಹನ್ನೆರಡರ ಬಿಸಿಲು. ಸಿದ್ದೇಶ್ ಕುರ್ಚಿ ತಳ್ಳುತ್ತಿದ್ದ. ಕಲ್ಲಿನ ಸಂದಿಗೆ ಇನ್ನೆರಡು ಮಾರು ಇರುವಾಗ ಅಕ್ಕಯ್ಯಮ್ಮ ಚಕ್ರದ ಮೇಲೆ ಕೈ ಒತ್ತಿ ನಿಲ್ಲಿಸಿದರು.

"ಯಾಕಮ್ಮ?"

"ಖಾಲಿ ಕೈಲಿ ಒಳಗೆ ಕರ್ಕೋತೀರೇನೋ? ಜ್ಯೋತಿ, ಅರಿಶಿನ ತಗೊಂಡ್ಬಾ. ಅಲ್ಲಿಗೆ ಹಚ್ಚು. ಆರತಿ ಮಾಡು."

ಜ್ಯೋತಿಲಕ್ಷ್ಮಿ ಓಡಿದಳು. ಚಪ್ಪಡಿ ನಿಂತಿದ್ದ ಜಾಗದ ನೆಲಗಲ್ಲಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ತಟ್ಟೆಯಲ್ಲಿ ಕೆಂಪು ನೀರು ಕಲಸಿ ಬತ್ತಿ ಹಚ್ಚಿ ನಿಂತಳು. ಕಾಲೇಜಿಗೆ ರಜೆ ಇದ್ದ ಸಿಂಚನಳಿಗೆ ಇದೆಲ್ಲ ಮದುವೆ ಮನೆಯ ಹಾಗೆ ಕಂಡಿತೋ ಏನೋ, ಎರಡೂ ಕೈ ಚಾಚಿ ಸಂದಿಗೆ ಅಡ್ಡ ನಿಂತಳು.

"ಹೊಸ ಬಾಗಿಲು ಅಜ್ಜಿ. ಹೆಸರು ಹೇಳಿದ್ರೆ ಮಾತ್ರ ಒಳಗೆ!"

"ಸಿಂಚು, ಸರಿಯೇ ಪಕ್ಕಕ್ಕೆ, ಬಿಸಿಲಿದೆ," ಎಂದ ಸಿದ್ದೇಶ್.

"ಶಾಸ್ತ್ರ ಅಂದ್ರೆ ಶಾಸ್ತ್ರ ಅಪ್ಪ. ಅಜ್ಜಿ, ತಾತನ ಹೆಸರು ಹೇಳಿ."

ತಾತ ನಾರಾಯಣಪ್ಪನ ಹೆಸರಿಗೆ ಅಕ್ಕಯ್ಯಮ್ಮನ ಬಳಿ ಒಂದು ಒಗಟಿತ್ತು, ಪ್ರತಿ ಮದುವೆಯಲ್ಲೂ ಹೇಳಿ ನಗಿಸುತ್ತಿದ್ದರು. ಎಲ್ಲರೂ ಅದಕ್ಕೇ ಕಾದರು. ಅವರು ಹೇಳಲಿಲ್ಲ. ಮೊಮ್ಮಗಳ ತೋಳಿನ ಕೆಳಗಿನಿಂದ, ಬಿಸಿಲು ಬಿದ್ದ ನಡುಮನೆಯನ್ನು, ಟ್ರಂಕಿಲ್ಲದ ಜಾಗವನ್ನು ನೋಡುತ್ತಾ ಕೂತರು. ಆಮೇಲೆ ಎರಡೂ ಕೈಯಿಂದ ಬಲಗಾಲನ್ನು ಎತ್ತಿ, ಕುರ್ಚಿಯಿಂದ ಕೆಳಗಿಳಿಸಿ, ಅರಿಶಿನದ ಕಲ್ಲಿನ ಮೇಲೆ ಊರಿದರು.

"ಹೊನ್ನಿ," ಎಂದರು.

ಸಿಂಚನಳ ಕೈಗಳು ಇಳಿದವು. ಜ್ಯೋತಿಲಕ್ಷ್ಮಿ ಆರತಿ ತಟ್ಟೆ ಎತ್ತಿ ಅತ್ತೆಗೆ ಬೆಳಗಿದಳು.

"ಹೊನ್ನಿ ಯಾರಮ್ಮ?" ಎಂದು ಸಿದ್ದೇಶ್ ಕೇಳಿದ.

"ನಿಮ್ಮಕ್ಕ ಕಣೋ," ಎಂದರು ಅಕ್ಕಯ್ಯಮ್ಮ. "ಒಳಗೆ ತಳ್ಳು, ಹೇಳ್ತೀನಿ."